ಅತ್ತೆ ಬೇಡವೆಂದ ಕುರ್ಚಿ

ಬೆಂಗೇರಿಯಲ್ಲಿ ನಮ್ಮ ಅತ್ತೆಯ ತಂಗಿಯ ಮನೆ ಗೃಹಪ್ರವೇಶ. ನೆಲದ ಮೇಲೆ ಊಟದ ಪಂಕ್ತಿ ಹಾಕಿದ್ದರು. ಭಾರದ ಮೈ, ಮೊಣಕಾಲು ನೋವು ಎಂದು ವರ್ಷಗಟ್ಟಲೆ ಗೋಡೆಯ ಪಕ್ಕ ಕುರ್ಚಿಯ ಮೇಲೆ ಕೂತೇ ಉಣ್ಣುತ್ತಿದ್ದ ಅತ್ತೆಗೆ ನಾನು ಎಂದಿನಂತೆ ಕುರ್ಚಿ ತಂದಿಟ್ಟೆ.

“ಅದನ್ನ ಒಯ್ದು ಇಡವಾ, ನಾನೂ ಎಲ್ಲಾರ ಜೋಡಿ ಕುಂಡ್ರತೇನಿ,” ಎಂದವರೇ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು! ಏಳುವಾಗ ಏನು ಗತಿ ಎಂದು ನನಗೆ ಚಿಂತೆ.

ಗೋಧಿ ಹುಗ್ಗಿ ಬಡಿಸುತ್ತ ಬಂದ ತಂಗಿ, ಅಕ್ಕ ನೆಲದ ಮೇಲೆ ಕೂತದ್ದು ಕಂಡು ಸೌಟು ಹಿಡಿದೇ ನಿಂತರು.

“ಅಕ್ಕಾ, ಎಷ್ಟ ಇಳದೀಯಲ್ಲ! ತೂಕ ಇಳಸೂ ಯಾವ ಪುಡಿ ತಗೊಳ್ಳಾಕತ್ತಿ?”

“ಪುಡಿ ಎಲ್ಲೀದವಾ? ಮುಂಜಾನೆ ಯೋಗಾಸನ, ಹೊತ್ತು ಮುಳುಗೂದ್ರೊಳಗ ಜ್ವಾಳದ ರೊಟ್ಟಿ, ಪಲ್ಯ. ಇಷ್ಟ ನೋಡು.”

ಹುಗ್ಗಿಯನ್ನು ಸಂತೋಷದಿಂದಲೇ ಹಾಕಿಸಿಕೊಂಡರು. ಎರಡನೆಯ ಸೌಟಿಗೆ ಮಾತ್ರ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಊಟ ಮುಗಿದಾಗ ಎಬ್ಬಿಸಲೆಂದು ನಾನು ಕೈ ಚಾಚಿದೆ. ಅತ್ತೆ ಅದನ್ನು ಮುಟ್ಟಲೇ ಇಲ್ಲ. ತಾವೇ ಎದ್ದು ಕೈ ತೊಳೆಯಲು ನಡೆದರು.

ಆ ಖಾಲಿ ಕುರ್ಚಿಯನ್ನು ನಾನು ಸುಮ್ಮನೆ ಎತ್ತಿಡಲಿಲ್ಲ. ಕುಸ್ತಿಯಲ್ಲಿ ಗೆದ್ದ ಗದೆಯಂತೆ ಹೆಗಲ ಮೇಲೆ ಹೊತ್ತು, ಇಡೀ ಪಂಕ್ತಿಯ ಎದುರಿನಿಂದಲೇ ವಾಪಸ್ ಒಯ್ದೆ.