ನಿಮ್ಮಪ್ಪ ಏನಾಗಿ ತೀರ್ಕೊಂಡ್ರು?

ಬೆಳಗಿನ ಆರೂವರೆ. ಕಡಬದ ಬಸ್ ಸ್ಟಾಂಡಿನ ಪಕ್ಕ ಆಸ್ಪತ್ರೆಯ ವ್ಯಾನು ನಿಂತಿದೆ. ಕರಿಬಸಮ್ಮನ ಕೈಲಿರುವ ಪಟ್ಟಿಯಲ್ಲಿ ನಾಲ್ಕು ಹೆಸರು. ಮೂವರು ಹಸಿದ ಹೊಟ್ಟೆಯಲ್ಲಿ, ಮುಖ ಗಂಟಿಕ್ಕಿಕೊಂಡು ಒಳಗೆ ಕೂತಿದ್ದಾರೆ. ನಾಲ್ಕನೆಯವರ ಸುಳಿವಿಲ್ಲ. ಕರಿಬಸಮ್ಮ ಕೆರೆ ಏರಿಯ ಕಡೆ ನೋಡುತ್ತಾರೆ, ಫೋನ್ ನೋಡುತ್ತಾರೆ, ಮತ್ತೆ ಏರಿ ನೋಡುತ್ತಾರೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಲೇ ಇದ್ದಾರೆ.

"ಏಳಕ್ಕೆ ಹೊರಡ್ಲೇಬೇಕು ಸಾ," ಎನ್ನುತ್ತಾರೆ, ವರದಿಗೆಂದು ಬಂದ ನನ್ನತ್ತ ತಿರುಗಿ.

ಬರಬೇಕಾದ ನಾಲ್ಕನೆಯವರು ಅವರ ಒಡಹುಟ್ಟಿದ ಅಣ್ಣ, ಅಡವಿಯಪ್ಪ.

ಗಂಡಸರಿಗೆ ಕರುಳಿನ ಕ್ಯಾನ್ಸರ್ ಬರುವ ಸಂಭವ ಎಷ್ಟೆಂದು ಮೊದಲೇ ಅಂದಾಜು ಮಾಡಲು ತುಮಕೂರಿನ ಖಾಸಗಿ ಆಸ್ಪತ್ರೆಯೊಂದು ಗುಬ್ಬಿ, ಕುಣಿಗಲ್ ಕಡೆ ಸಮೀಕ್ಷೆ ನಡೆಸುತ್ತಿದೆ. ವಯಸ್ಸು, ಬೀಡಿ, ಕುಡಿತ, ಸೊಂಟದ ಸುತ್ತಳತೆ, ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇತ್ತೇ ಎಂಬುದು, ಎಲ್ಲಕ್ಕೂ ಅಂಕ. ಒಟ್ಟು ಐದು ಮುಟ್ಟಿದರೆ ತುಮಕೂರಿಗೆ ಕರೆದೊಯ್ದು ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ. ಆ ಫಾರಂ ತುಂಬುವುದು ಕರಿಬಸಮ್ಮನ ಕೆಲಸ. ದಿನಕ್ಕೆ ಹನ್ನೆರಡು ಮನೆ. ಹದಿನಾಲ್ಕು ತಿಂಗಳಲ್ಲಿ ಸಾವಿರದ ಒಂಬೈನೂರು ಗಂಡಸರು.

ನಲವತ್ತಾರರ ಈಕೆ ಗಂಡ ತೀರಿಕೊಂಡ ಮೇಲೆ ತುಮಕೂರಿನ ಶಿರಾ ಗೇಟಿನ ಬಟ್ಟೆ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದವರು. "ಟೇಪು ಹಿಡಿಯೋದು ಅಲ್ಲೇ ಕಲ್ತಿದ್ದು. ಸೊಂಟ ಅಳೀತೀನಿ ಅಂದ್ರೆ ನಮ್ ಗಂಡಸ್ರು ಹಿತ್ಲಿಗೆ ಓಡ್ತಾರೆ. ಬೀಡಿ ಎಷ್ಟು ಅಂದ್ರೆ ಹೆಂಡ್ತಿ ಮುಖ ನೋಡ್ತಾರೆ," ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

"ಮನೇಲಿ ಕ್ಯಾನ್ಸರ್ ಇತ್ತಾ ಅಂದ್ರೆ ಯಾರೂ ಹೂಂ ಅನ್ನಲ್ಲ ಸಾ. ಮದ್ವೆ ಆಗ್ಬೇಕಾದ ಮಕ್ಳಿರ್ತವೆ. ಅದಕ್ಕೆ, ನಿಮ್ಮಪ್ಪ ಏನಾಗಿ ತೀರ್ಕೊಂಡ್ರು ಅಂತೀನಿ. ಮೂಲವ್ಯಾಧಿ ಅಂತಾರೆ. ರಕ್ತ ಹೋಗ್ತಿತ್ತಾ, ಸೊರಗಿದ್ರಾ, ಎಷ್ಟು ತಿಂಗ್ಳು ಮಲಗಿದ್ರು ಅಂತ ಕೇಳ್ತಾ ಹೋದ್ರೆ ಬಾಯ್ಬಿಡ್ತಾರೆ."

ಊರವರನ್ನೆಲ್ಲ ಹೀಗೆ ಬಾಯಿಬಿಡಿಸುವ ಕರಿಬಸಮ್ಮ ಆರು ತಿಂಗಳ ಹಿಂದೆ ತವರುಮನೆಯಲ್ಲಿ ಮಾತ್ರ ಸುಳ್ಳು ಬರೆದರು. ಅವರ ತಂದೆ ಹೋದದ್ದು ಕರುಳಿನ ಕ್ಯಾನ್ಸರ್‌ನಿಂದಲೇ. ಅಣ್ಣ ತಂಗಿ ಇಬ್ಬರಿಗೂ ಗೊತ್ತು. ಆದರೆ ಅಣ್ಣನ ಮಗಳು ಭೂಮಿಕಾಗೆ ಗಂಡು ನೋಡುತ್ತಿದ್ದ ಸಮಯ. "ಇಲ್ಲ ಅಂತ ಹಾಕ್ಬುಡೇ," ಎಂದರು ಅಡವಿಯಪ್ಪ. ತಂಗಿ ಹಾಕಿಬಿಟ್ಟರು. ಮನೆತನಕ್ಕೆ ಸೇರಬೇಕಿದ್ದ ಎರಡು ಅಂಕ ತಪ್ಪಿ, ಒಟ್ಟು ನಾಲ್ಕಕ್ಕೇ ನಿಂತಿತು. ಅವರನ್ನು ಯಾರೂ ಪರೀಕ್ಷೆಗೆ ಕರೆಯಲಿಲ್ಲ.

ಹೋದ ತಿಂಗಳು ಹುತ್ರಿದುರ್ಗದಲ್ಲಿ ಮಹಾಲಕ್ಷ್ಮಮ್ಮ ಎಂಬುವರು ಕರಿಬಸಮ್ಮನ ಕೈ ಹಿಡಿದು ಅತ್ತರು. ಅವರ ಗಂಡನೂ "ಇಲ್ಲ" ಎಂದೇ ಬರೆಸಿದ್ದರಂತೆ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಮೀರಿಹೋಗಿತ್ತು. ಅದೇ ವಾರ ಕರಿಬಸಮ್ಮ ಅಣ್ಣನನ್ನು ಸಂತೆಯಲ್ಲಿ ಕಂಡರು.

"ನಲವತ್ತೆರಡರ ಶರಟು ಮೈಮೇಲೆ ಜೋಲ್ತಿತ್ತು ಸಾ. ಅಂಗಡೀಲಿ ಇದ್ದವ್ಳು, ನಂಗೆ ಗೊತ್ತಾಗಲ್ವಾ?"

ಮರುದಿನವೇ ಡಾಕ್ಟರ ಮುಂದೆ ನಿಂತು ನಿಜ ಹೇಳಿದರು. ಬೈಗುಳ ತಿಂದರು, ಕೆಲಸ ಹೇಗೋ ಉಳಿಯಿತು. ಅಣ್ಣನಿಗೆ ಆಸ್ಪತ್ರೆಯಿಂದ ಕರೆ ಬಂತು. ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದಾರೆ. ಮಾಡಿದ್ದು ಸರಿಯೇ ಎಂದು ನಾನು ಸಮಾಧಾನ ಹೇಳಿದರೆ ಕರಿಬಸಮ್ಮ ಇಲ್ಲವೆಂದು ತಲೆ ಆಡಿಸುತ್ತಾರೆ: "ಐದು ತಿಂಗ್ಳು ತಡ ಮಾಡ್ಬುಟ್ಟೆ."

ಏಳಕ್ಕೆ ನಾಲ್ಕು ನಿಮಿಷವಿದೆ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಆಗ ಏರಿಯ ಮೇಲೆ ತಲೆಗೆ ಟವೆಲ್ ಸುತ್ತಿದ ಒಬ್ಬರು ನಿಧಾನವಾಗಿ ನಡೆದು ಬರುತ್ತಾರೆ. ತಂಗಿಯ ಮುಖವನ್ನೂ ನೋಡದೆ ವ್ಯಾನ್ ಹತ್ತಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ನಿಮ್ಮ ವಿಷಯ ಬರೆಯಬಹುದೇ ಎಂದು ಕೇಳುತ್ತೇನೆ.

"ಊರ್ಗೆಲ್ಲಾ ಗೊತ್ತಾಯ್ತಲ್ಲ, ಪೇಪರ್‌ಗೂ ಹಾಕ್ಕಳಿ," ಎಂದು ಅಡವಿಯಪ್ಪ ಕಿಟಕಿ ಕಡೆ ತಿರುಗುತ್ತಾರೆ.

ಕರಿಬಸಮ್ಮ ನಾಲ್ಕನೆಯ ಹೆಸರಿಗೆ ಗುರುತು ಹಾಕುತ್ತಾರೆ. ಕರುಳೊಳಗೆ ಏನು ಕಾಣುತ್ತದೋ, ಸಂಜೆಯವರೆಗೆ ಗೊತ್ತಾಗುವುದಿಲ್ಲ. ಅಣ್ಣ ಮತ್ತೆ ಮಾತಾಡಲಿ ಎಂಬ ಆಸೆ ಇಲ್ಲವೇ ಎಂದು ಕೇಳುತ್ತೇನೆ.

"ಮಾತಾಡ್ದಿದ್ರೆ ಬುಡ್ಲಿ ಸಾ," ಎನ್ನುತ್ತಾರೆ, ವ್ಯಾನಿನ ಬಾಗಿಲು ಎಳೆದುಕೊಳ್ಳುತ್ತಾ. "ನನ್ ಮೇಲೆ ಮುನಿಸ್ಕೊಂಡಿರಕ್ಕೂ ನಮ್ಮಣ್ಣ ಇರ್ಬೇಕಲ್ಲ."