ಟಾವೆಲ್ ಕೆಳಗ ಕಾರಿನ ದರ

ಗೆಳೆಯರೇ, ನಮ್ಮ ಕೆಂಪು ಕಾರು ಇವತ್ತು ಮಾರಿ ಹೋಗ್ತಿತ್ತು, ಸ್ವಲ್ಪದರಾಗ ಉಳೀತು!

ನಮ್ಮಪ್ಪ ಮನಗೂಳಿ ಸುತ್ತ ಜೀವನಪೂರ್ತಿ ದನದ ವ್ಯಾಪಾರ ಮಾಡಿದಾವ. ಎಪ್ಪತ್ತರ ದಶಕದಾಗ ಸೊಲ್ಲಾಪುರದ ಸಾವ್ಕಾರರೊಬ್ಬರಿಗೆ ಒಂದು ಜೋಡಿ ಎತ್ತು ಕೊಟ್ಟು ಈ ಎಂಟು ಸಿಲಿಂಡರಿನ ಅಮೇರಿಕನ್ ಗಾಡಿ ತಂದಿದ್ದ. ಇವತ್ತು ಮುಂಜಾನೆ ಬೆಂಗಳೂರಿಂದ ಹಳೇ ಕಾರು ಕೊಳ್ಳೂ ಗಿರಾಕಿ ಬಂದ. ಬಾನೆಟ್ ಎತ್ತಿ ನೋಡಿದ, ಗಾಡಿ ಕೆಳಗ ಹೊಕ್ಕು ನೋಡಿದ.

ಅಪ್ಪ ಕೈಮ್ಯಾಲ ಟಾವೆಲ್ ಹೊಚ್ಚಿ ಮುಂದ ಚಾಚಿದ. ದನದ ಸಂತ್ಯಾಗ ದರಾ ಬಾಯಿಲೆ ಹೇಳಂಗಿಲ್ಲ, ಟಾವೆಲ್ ಕೆಳಗ ಬೆರಳು ಹಿಡದು ಹೇಳ್ತಾರ. ಆ ಪುಣ್ಯಾತ್ಮಗೇನು ಗೊತ್ತು? ಟಾವೆಲ್ ತಗೊಂಡು ಗ್ರೀಸ್ ಹತ್ತಿದ ಕೈ ಒರಸಿಕೊಂಡ!

"ಥ್ಯಾಂಕ್ಸ್ ಅಂಕಲ್. ಹನ್ನೆರಡು ಲಕ್ಷ ಕೊಡ್ತೀನಿ" ಅಂತ ಜೋರಾಗಿ ಅಂದ.

ಕಟ್ಟಿಮ್ಯಾಲ ಕುಂತ ಮಂದಿ ಎಲ್ಲಾ ಹೊಳ್ಳಿ ನೋಡಿದ್ರು. ಅಪ್ಪನ ಮಾರಿ ಕಾರಿಗಿಂತ ಕೆಂಪಾತು.

"ಹೋರಿ ದರಾನೂ ನಾವು ಹೋರಿ ಮುಂದ ಒದರಂಗಿಲ್ಲ. ನೀ ಓಣಿ ತುಂಬ ಒದರಿ ನನ್ನ ಗಾಡಿ ಮರ್ಯಾದಿ ಕಳದಿ. ನಡಿ ತಮ್ಮಾ!"

"ಹದಿನೈದು ಕೊಡ್ತೀನಿ, ಅಂಕಲ್!"

"ಮತ್ತ ಒದರಿದ ನೋಡು!"

ಆತ ಹೋದಮ್ಯಾಲೇ ನಾ ಉಸಿರು ಬಿಟ್ಟೆ. ಇದೇ ಗಾಡಿಮ್ಯಾಲ ಡ್ರೈವಿಂಗ್ ಕಲತಾಕಿ ನಾನು.

"ಅಪ್ಪಾ, ನಿನ್ನ ಮನಸಿನಾಗ ಎಷ್ಟಿತ್ತು?" ಅಂತ ಕೇಳಿದೆ.

ಅಪ್ಪ ಗ್ರೀಸ್ ಹತ್ತಿದ ಅದೇ ಟಾವೆಲ್ ಹೊಚ್ಚಿ ನನ್ನ ಕೈ ಹಿಡದ. ಬೆರಳು ಹಿಡದು ದರಾ ಹೇಳಲಿಲ್ಲ. ಅಂಗೈಯಾಗ ಗಾಡಿ ಚಾವಿ ಇಟ್ಟ.

ಇನ್ನ ಈ ಎಂಟು ಸಿಲಿಂಡರಿಗೆ ಪೆಟ್ರೋಲ್ ಹಾಕ್ಸಾಕಿ ನಾನೇ. ಬಂಕಿನವರೂ ಪೆಟ್ರೋಲ್ ದರಾ ಟಾವೆಲ್ ಕೆಳಗ ಹೇಳಿದ್ರ ಚಲೋ ಇತ್ತು. ಆ ಬೋರ್ಡ್ ನೋಡಿದ್ರ ಎದಿ ಝಲ್ ಅಂತೈತಿ.