ನಾಲ್ಕು ಚಕ್ರ, ನಾಲ್ಕು ಪಾಲು

ಮೊನ್ನೆ ಬಾಂದ್ರಾದಲ್ಲಿ ಹತ್ತಿದ ಟ್ಯಾಕ್ಸಿಯ ಡ್ಯಾಶ್‌ಬೋರ್ಡಿನ ಮೇಲೆ ಒಂದು ಲಿಂಬೆಹಣ್ಣು ಉರುಳಾಡುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತ ನನಗೆ ಅದರ ಬಿಸಿಲಿಗೆ ಬಾಡಿದ ವಾಸನೆ ಬಂದದ್ದೇ ತಡ, ಬೈಕುಲ್ಲಾದ ನಮ್ಮ ಹಳೆಯ ಬಿಲ್ಡಿಂಗಿನ ಕೆಳಗಿನ ಮನೆಯ ಮಾಮ ನೆನಪಾದರು... ಅವರ ಜರ್ಮನ್ ಕಾರೂ.

ಮಾಮ ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಕೆಡವುತ್ತಿದ್ದ ಬಂಗಲೆಯಿಂದ ಗುಜರಿಗೆ ಹೊರಟಿದ್ದ ಆ ಕಾರನ್ನು ಅವರು ಕಂಪೌಂಡಿಗೆ ತಂದು ನಿಲ್ಲಿಸಿದಾಗ ನಾವೆಲ್ಲ ನಕ್ಕೆವು. ಎರಡು ಮಹಾಯುದ್ಧಗಳ ನಡುವೆ ಜರ್ಮನಿಯಲ್ಲಿ ಹುಟ್ಟಿದ ಗಾಡಿ. ನೋಡಲು ಮುದಿ, ಬುದ್ಧಿ ಮಾತ್ರ ತನ್ನ ಕಾಲಕ್ಕಿಂತ ಬಹಳ ಮುಂದಿನದು. ಆಗಿನ ಹೆಚ್ಚಿನ ಕಾರುಗಳಲ್ಲಿ ಎರಡೆರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿಗೆ ಬಿಗಿದಿರುತ್ತಿದ್ದವಂತೆ. ಇದರಲ್ಲಿ ಪ್ರತಿ ಚಕ್ರಕ್ಕೂ ಅದರದೇ ಸ್ಪ್ರಿಂಗು.

"ಪಾಲಾದ ಅಣ್ಣತಮ್ಮಂದಿರ ಹಾಗೆ ಮಾರಾಯಾ," ಎನ್ನುತ್ತಿದ್ದರು ಮಾಮ. "ಒಬ್ಬ ಗುಂಡಿಗೆ ಬಿದ್ದರೆ ಉಳಿದ ಮೂವರಿಗೆ ಸುದ್ದಿಯೇ ಇಲ್ಲ!"

ಅವರಿಗೆ ಬೇಕಾಗಿದ್ದುದು ಆ ಗುಣವೇ. ಮಾಮಿಗೆ ಬಸ್ಸು, ಟ್ಯಾಕ್ಸಿ ಯಾವುದೂ ಆಗುತ್ತಿರಲಿಲ್ಲ. ಗಲ್ಲಿ ದಾಟುವಷ್ಟರಲ್ಲಿ ವಾಂತಿ. ಲೋಕಲ್ ರೈಲಿನ ನೂಕುನುಗ್ಗಲೆಂದರೆ ಎದೆನಡುಕ. ಬಾಂದ್ರಾದಲ್ಲಿದ್ದ ಮಗಳು ಬಸುರಿ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತಾನೇ ಎತ್ತಿ ಹಾಕಬೇಕೆಂಬುದೊಂದೇ ಮಾಮಿಯ ಆಸೆ. ರಜೆ ಸಿಕ್ಕಾಗಲೆಲ್ಲ ಮಾಮ ಕಾರಿನಡಿ ಮಲಗಿರುತ್ತಿದ್ದರು.

ಕೊನೆಗೂ ಆ ದಿನ ಬಂತು. ಪ್ಲಾಸ್ಟಿಕ್ ಚೀಲ, ನೀರಿನ ಬಾಟ್ಲಿ, ದಾರಿಯಲ್ಲಿ ಸಿಗುವ ಆಸ್ಪತ್ರೆಗಳ ಹೆಸರು, ಎಲ್ಲ ಸಿದ್ಧಮಾಡಿಕೊಂಡು ಮುಂದೆ ಕೂತವನು ನಾನು. ಯಾರೂ ಕರೆದಿರಲಿಲ್ಲ, ಆತಂಕವೇ ಎಳೆದು ತಂದು ಕೂರಿಸಿತ್ತು.

"ಬ್ರೇಕು ನೋಡಿದ್ದೀರಾ ಮಾಮ?"

"ನಿನ್ನ ಬಾಯಿಗೇ ಬ್ರೇಕಿಲ್ಲ. ಸುಮ್ಮನೆ ಕೂತುಕೋ."

ವಾಂತಿ ಬಾರದಿರಲಿ ಎಂದು ಮೂಸುವುದಕ್ಕೆ ಮಾಮಿ ಲಿಂಬೆಹಣ್ಣು ಹಿಡಿದು ಬಂದರು. ಮಾಮ ಅದನ್ನು ಕಸಿದು ಮುಂದಿನ ಚಕ್ರದಡಿ ಇಟ್ಟರು, ಆಯುಧಪೂಜೆಗೆ ಇಡುವಂತೆ.

"ಅಯ್ಯೋ, ಅದು ನನ್ನ ಮೂಗಿಗೆ ತಂದದ್ದು!"

"ಚಕ್ರ ಸರಿ ಇದ್ದರೆ ನಿನ್ನ ಮೂಗಿಗೆ ಎಂತ ಕೆಲಸ?"

ಲಿಂಬೆ ಚಟ್ಟೆಂದಿತು. ಕಾರು ಹೊರಟಿತು.

ಗುಂಡಿಗಳನ್ನು ಚಕ್ರಗಳು ತಮ್ಮ ತಮ್ಮಲ್ಲೇ ನುಂಗಿಕೊಂಡವು. ಮಾಮಿ ಕಿಟಕಿಗೆ ಮುಖವಿಟ್ಟು "ಇದು ಯಾವ ಮಾರ್ಕೆಟ್ಟು, ಅದು ಯಾರ ಕಟ್ಟಡ" ಎಂದು ಕೇಳುತ್ತಲೇ ಇದ್ದರು. ಮಾಹಿಮ್ ಹತ್ತಿರ ನಾನು "ನಿಲ್ಲಿಸಿ, ನಿಲ್ಲಿಸಿ" ಎಂದೆ.

"ಇವಳಿಗೆ ಆಗ್ತಾ ಇಲ್ವಾ?" ಮಾಮ ಬೆಚ್ಚಿದರು.

"ನನಗೆ!"

ಚೀಲ ಬಳಕೆಗೆ ಬಂತು. ಮಾಮಿ ನನ್ನ ಬೆನ್ನು ನೀವುತ್ತಾ, "ಪಾಪ, ಲಿಂಬೆ ಇವನಿಗಾದರೂ ಬೇಕಿತ್ತು" ಎಂದರು. ಅದೇ ಕೈಯಲ್ಲಿ ಆ ದಿನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದರು.

ಕೆಲವು ವರ್ಷಗಳ ನಂತರ ಮಾಮಿ ತೀರಿಕೊಂಡರು. ಮಾತಾಡಿಸಲು ಹೋದಾಗ ಮಾಮ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು.

"ಒಬ್ಬ ಬಿದ್ದರೆ ಉಳಿದವರಿಗೆ ಸುದ್ದಿಯೇ ಇಲ್ಲ ಅಂತ ಹೇಳಿದ್ದೆ ಅಲ್ವಾ... ಸುಳ್ಳು ಮಾರಾಯಾ."

ಆಮೇಲೆ ಕಾರನ್ನು ಅವರು ಹೊರಗೆ ತೆಗೆಯಲೇ ಇಲ್ಲ. ಈಗ ಮಾಮ ಇಲ್ಲ, ಬಿಲ್ಡಿಂಗೂ ಇಲ್ಲ. ಕಾರು ಎಲ್ಲಿ ಹೋಯಿತೋ...

ಟ್ಯಾಕ್ಸಿ ಗುಂಡಿಗೆ ಬಿತ್ತು. ಲಿಂಬೆ ಹಾರಿ ನನ್ನ ಮಡಿಲಿಗೆ ಬಂತು. ನನಗೇ ತಿಳಿಯದಂತೆ ಮೂಸಿದೆ. "ಉಲ್ಟಿ ಆ ರಹೀ ಹೈ ಕ್ಯಾ, ಸಾಬ್?" ಎನ್ನುತ್ತಾ, ನನಗೆ ವಾಂತಿ ಬರುತ್ತಿದೆಯೆಂದುಕೊಂಡ ಡ್ರೈವರ್ ಗಾಬರಿಯಿಂದ ಗಾಡಿಯನ್ನು ಬದಿಗೆ ತಂದ. ಇಲ್ಲವೆಂದು ತಲೆಯಾಡಿಸಿದೆ. ಕಣ್ಣು ಒದ್ದೆಯಾಗಿದ್ದಕ್ಕೆ ಲಿಂಬೆಯನ್ನೇ ದೂರಿದೆ.